ಅಕ್ಕ ಹಲ್ಲಿನಿಂದ ಕೇಳಿದ ಗಿಟಾರು

ವೈರು ಬಿಚ್ಚಿಟ್ಟ ಗಿಟಾರಿನಲ್ಲಿ ಕರೆಂಟು ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕಿವಿ ಕೇಳದ ನನ್ನ ಅಕ್ಕನ ಮುಖಕ್ಕೆ ಮುಖ ಕೊಟ್ಟು, ಅದನ್ನು ಮುಟ್ಟಿದರೆ ಜೀವ ಹೋಗುತ್ತದೆ ಎಂದು ಹೇಳಿದೆ. ಅವಳು ನಂಬಿದಳು. ತಲೆ ಪೂರಾ ಬೆಳ್ಳಗಾಗುವವರೆಗೂ ನಂಬಿದ್ದಳು. ನಾನು ಮಾಡಿದ್ದು ಇಷ್ಟೇ — ಇಷ್ಟೇ ಎಂದು ಬರೆಯುವಾಗ ಕೈ ತಡೆಯುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಬೇರೆ ಯಾರಿಗೂ ಮಾಡಿಲ್ಲ.

ಅಕ್ಕನ ಹೆಸರು ಗೋದಾವರಿ. ನನಗೆ ಗೋದಕ್ಕ. ಆಗ ನಾವು ಭಾಲ್ಕಿಯಲ್ಲಿದ್ದೆವು. ಅಪ್ಪ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಕಾಗದಗಳೆಲ್ಲ ಉರ್ದುವಿನಲ್ಲಿ, ಮನೆಯಲ್ಲಿ ಅಪ್ಪನದು ಕನ್ನಡ, ಅವ್ವನದು ಮರಾಠಿ. ಮೂರರಲ್ಲಿ ಯಾವುದನ್ನು ಎಲ್ಲಿ ಆಡಬೇಕೆಂದು ನಮಗೆ ಯಾರೂ ಕಲಿಸಲಿಲ್ಲ, ತಾನಾಗಿ ಬಂತು. ಗೋದಕ್ಕ ಮೂರರಲ್ಲೂ ಹಾಡುತ್ತಿದ್ದಳು. ಲಂಗ ಬಿಟ್ಟು ಸೀರೆ ಉಡುವ ವಯಸ್ಸಿನಲ್ಲಿ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿದ ಮೇಲೆ ಎರಡೂ ಕಿವಿ ಸೋರಿದವು. ಸೋರುವುದು ನಿಂತಿತು, ಕೇಳುವುದೂ ನಿಂತಿತು. ಮಾತು ಉಳಿಯಿತು, ನಮ್ಮ ತುಟಿ ನೋಡಿ ನಾವು ಹೇಳಿದ್ದನ್ನು ತಿಳಿಯುವುದನ್ನೂ ಬೇಗ ಕಲಿತಳು. ಆದರೆ ಹಾಡುವುದನ್ನು ಬಿಟ್ಟಳು. ಕಸ ಹೊಡೆಯುವಾಗ, ರೊಟ್ಟಿ ಬಡಿಯುವಾಗ ಅವಳ ಬಾಯಿಂದ ತಂತಾನೇ ಹೊರಡುತ್ತಿದ್ದ ಧಾಟಿಗಳು ಇಲ್ಲದೆ ಮನೆ ಹೇಗೋ ಆಗಿಹೋಗಿತ್ತು. ಅದನ್ನು ನಾವು ಯಾರೂ ಬಾಯಿಬಿಟ್ಟು ಆಡಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಹೈದರಾಬಾದಿನಿಂದ ಬಂದ ಒಬ್ಬ ಅಧಿಕಾರಿಯ ಕುಟುಂಬವಿತ್ತು. ಅವರ ಹೆಂಡತಿ ಸುರಯ್ಯಾ ಆಪಾ ಗಿಟಾರು ಬಾರಿಸುತ್ತಿದ್ದರು. ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತ ಬಾರಿಸುವ ಗಿಟಾರು. ಕಟ್ಟಿಗೆಯದು, ಹೊಟ್ಟೆ ಪೊಳ್ಳು, ನಡುವೆ ದುಂಡನೆಯ ತೂತು. ಮಧ್ಯಾಹ್ನ ಗಂಡಸರು ಕಚೇರಿಗೆ ಹೋದ ಮೇಲೆ ನಾನು ಅವರಲ್ಲಿ ಕಲಿಯಲು ಹೋಗುತ್ತಿದ್ದೆ. ಗೋದಕ್ಕ ಜೊತೆಗೆ ಬರುತ್ತಿದ್ದಳು, ಮೂಲೆಯಲ್ಲಿ ಕೂತು ಅವರ ಅಕ್ಕಿ ಆರಿಸಿಕೊಡುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಬಾರಿಸುತ್ತಿದ್ದಾಗ ಅಕ್ಕಿಯ ಕಾಳುಗಳು ಚೆಲ್ಲಿ ನನ್ನ ಕಡೆ ಉರುಳಿದವು. ಅವುಗಳನ್ನು ಬಳಿಯಲು ಅವಳು ಬಗ್ಗಿದಳು, ಕೈ ಜಾರಿತು, ಗದ್ದ ಬಂದು ಗಿಟಾರಿನ ಅಂಚಿಗೆ ತಾಗಿತು. ನಾನು "ಅಯ್ಯ" ಎಂದು ಕೈ ಎತ್ತಿದೆ. ಅವಳು ಮೇಲೇಳಲಿಲ್ಲ. ತಂತಿಗಳು ಇನ್ನೂ ಮಿಡಿಯುತ್ತಿದ್ದವು. ಅವಳ ಕಣ್ಣು — ಆ ಕಣ್ಣನ್ನು ನಾನು ಹೇಗೆ ಬರೆಯಲಿ? ಮನೆಯೊಳಗೆ ಯಾರೋ ಬಂದರು ಎಂದು ಬಾಗಿಲ ಕಡೆ ತಿರುಗುತ್ತೇವಲ್ಲ, ಹಾಗೆ ತಿರುಗಿದವು.

"ಸುಮೀ, ನಿಲ್ಲಸಬ್ಯಾಡ," ಎಂದಳು. "ಬಾರಸು. ಹಲ್ಲಿನಾಗ ಬರ್ಲಕತ್ತದ."

ನನಗೆ ಅರ್ಥವಾಗಲಿಲ್ಲ. ಆಪಾಗೆ ಆಯಿತು. ಅವರು ಎದ್ದು ಬಂದು ಅವಳ ಕೆನ್ನೆ ಹಿಡಿದು ಮೆಲ್ಲಗೆ ಬಾಯಿ ತೆರೆಸಿ, ಮೇಲಿನ ಹಲ್ಲುಗಳನ್ನು ಗಿಟಾರಿನ ಅಂಚಿನ ಮೇಲೆ ಊರಿಸಿದರು. "ಹೂಂ, ಈಗ ಬಾರಸು ಬೇಟಿ," ಎಂದರು ನನಗೆ. ನನಗೆ ಬರುತ್ತಿದ್ದ ಒಂದೇ ಧಾಟಿ ಬಾರಿಸಿದೆ — ಭಜನೆಯದು, ಗೋದಕ್ಕನೇ ಮೊದಲು ಹಾಡುತ್ತಿದ್ದದ್ದು. ಅವಳು ಅಲುಗಲಿಲ್ಲ. ಜೊಲ್ಲು ಸುರಿದು ಕಟ್ಟಿಗೆ ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ. ಧಾಟಿ ಮುಗಿಯುವ ಹೊತ್ತಿಗೆ ಅವಳ ಗಂಟಲಿಂದ ಅದೇ ಧಾಟಿ ಸಣ್ಣಗೆ, ಗಿಟಾರಿಗೆ ಸರಿಯಾಗಿ ಕೂಡಿಕೊಂಡು, ಬರತೊಡಗಿತು. ಎಷ್ಟು ದಿನಗಳ ಮೇಲೆ! ಆಪಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಇಷ್ಟು ವರ್ಷ ನಾ ಬರೇ ಕೈ ಹಚ್ಚೀನಿ ಇದಕ್ಕ," ಎಂದರು ಆಮೇಲೆ. "ಇದರಾಗ ಏನದ ಅಂತ ನನಗ ಇವತ್ತು ಗೊತ್ತಾತು."

ಆ ದಿನದಿಂದ ನಾನು ಒಬ್ಬಳೇ ಬಾರಿಸಿದ್ದಿಲ್ಲ. ನಾನು ಕೂರುತ್ತಿದ್ದೆ, ಅವಳು ನನ್ನ ಮೊಣಕಾಲ ಹತ್ತಿರ ನೆಲದ ಮೇಲೆ ಕೂತು ಹಲ್ಲು ಊರುತ್ತಿದ್ದಳು. ಉಕ್ಕಿನ ತುಂಡು ಸ್ವರಕ್ಕೆ ಸ್ವಲ್ಪ ಮೊದಲೇ ನಿಂತರೆ ನನ್ನ ಮೊಣಕಾಲ ಮೇಲೆ ಬೆರಳಿನಿಂದ ತಟ್ಟುತ್ತಿದ್ದಳು — ಇನ್ನೂ ಮುಂದೆ. ಕಿವಿ ಚೆನ್ನಾಗಿದ್ದ ನನಗೆ ಗೊತ್ತಾಗದ ತಪ್ಪು ಅವಳ ಹಲ್ಲಿಗೆ ಗೊತ್ತಾಗುತ್ತಿತ್ತು. ಮೊದಮೊದಲು ನನಗೆ ಮೈ ಜುಂ ಎನ್ನುತ್ತಿತ್ತು. ಆಮೇಲೆ — ಇಲ್ಲಿ ಸುಳ್ಳು ಹೇಳಬಾರದು — ಆಮೇಲೆ ಆ ತಟ್ಟು ಬೇಡವೆನಿಸತೊಡಗಿತು. ಬಾರಿಸುವವಳು ನಾನು, ನೋಡಿದವರೆಲ್ಲ ಬೆರಗಾಗುವುದು ಅವಳನ್ನು ನೋಡಿ.

ಅಷ್ಟರಲ್ಲಿ ನಮ್ಮ ಹೈದರಾಬಾದ ರಾಜ್ಯ ಒಡೆಯುವ ಮಾತು ಬಂತು. ಹೈದರಾಬಾದ ಒಂದು ಕಡೆಗೆ, ನಾವು ಮೈಸೂರಿಗೆ. "ಮೈಸೂರ ಅಂದ್ರ ಎಷ್ಟ ದೂರ ಅದರಿ?" ಎಂದು ಅವ್ವ ಕೇಳಿದರೆ ಅಪ್ಪ, "ಊರು ಎಲ್ಲೂ ಹೋಗಂಗಿಲ್ಲ, ಇಲ್ಲೇ ಇರ್ತದ. ನಾ ಒಬ್ಬಾಂವ ಮತ್ತ ಅಕ್ಷರಾ ಕಲೀಬೇಕು," ಎನ್ನುತ್ತಿದ್ದರು. ಮನೆಯ ಮಾತು ಕನ್ನಡವಾದರೂ ಅವರಿಗೆ ಬರೆಯಲು ಬರುತ್ತಿದ್ದದ್ದು ಉರ್ದು; ಗೋದಕ್ಕ ಅವರನ್ನು ಕೂರಿಸಿಕೊಂಡು ಪಾಟಿಯ ಮೇಲೆ ತಿದ್ದಿಸುತ್ತಿದ್ದಳು. ಸುರಯ್ಯಾ ಆಪಾ ಗಂಡನ ಜೊತೆ ಹೈದರಾಬಾದಿಗೆ ಹೊರಟರು. ಹೋಗುವ ದಿನ ಗಿಟಾರನ್ನು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು, ನಮ್ಮಿಬ್ಬರ ಕೈಯನ್ನೂ ಅದರ ಮೇಲೆ ಇರಿಸಿ, "ಇದು ನಿಮ್ಮಿಬ್ಬರದು," ಎಂದರು. ಗೋದಕ್ಕನ ಕಡೆ ತಿರುಗಿ ಅದನ್ನೇ ನಿಧಾನವಾಗಿ, ತುಟಿ ತಿಳಿಯುವಂತೆ, ಮತ್ತೊಮ್ಮೆ ಹೇಳಿದರು.

ಅಪ್ಪನಿಗೆ ಬೀದರಿಗೆ ವರ್ಗವಾಯಿತು. ಬೀದರದ ಮನೆಯಲ್ಲಿ ಕರೆಂಟು ಇತ್ತು. ನಮಗೆ ಹೊಸದು. ಅವ್ವ ದೀಪದ ಗುಂಡಿಯನ್ನು ಕಡ್ಡಿಯಿಂದ ಒತ್ತುತ್ತಿದ್ದಳು, ಗೋದಕ್ಕನೂ ಹಾಗೇ.

ಮೈಸೂರು ರಾಜ್ಯಕ್ಕೆ ಸೇರಿದ ಸಂತೋಷಕ್ಕೆ ನಮ್ಮ ಸಾಲೆಯ ಬಯಲಿನಲ್ಲಿ ಒಂದು ಸಭೆ ಮಾಡಿದರು. ಗಿಟಾರು ಬಾರಿಸುವ ಹುಡುಗಿ ಎಂದು ನನ್ನನ್ನೂ ಕರೆದರು. ಗೋದಕ್ಕ ನನ್ನ ಪಕ್ಕದಲ್ಲಿ ಕೂರಲು ವೇದಿಕೆ ಹತ್ತಿದಾಗ ಬಾಯಾರು — ನಮ್ಮ ಹೆಡ್ ಮಾಸ್ತರಿಣಿ — "ಅಲ್ಲಿ ಮುಂದ ಕೂಡವ್ವಾ," ಎಂದು ಕೆಳಗೆ ಕಳಿಸಿದರು. ನನಗೆ ಹಗುರವೇ ಆಯಿತು.

ಬಾರಿಸಲು ಶುರುಮಾಡಿದೆ. ಅಂಗಳದಲ್ಲಿ ಅಷ್ಟು ತುಂಬಿಕೊಳ್ಳುತ್ತಿದ್ದ ದನಿ ಬಯಲಿನಲ್ಲಿ ಎಲ್ಲಿ ಹೋಯಿತೋ! ಎರಡನೇ ಸಾಲಿನವರಿಗೂ ಮುಟ್ಟಲಿಲ್ಲ. ಮೈಕಿನ ವಿಠ್ಠಲರಾವ ಬಂದು ಮೈಕನ್ನು ಗಿಟಾರಿನ ತೂತಿನ ಹತ್ತಿರ ಬಗ್ಗಿಸಿದರು. ಆಗ ಬೇವಿನ ಮರಕ್ಕೆ ಕಟ್ಟಿದ್ದ ಭೋಂಗಾ, ತುತ್ತೂರಿಯಂಥ ಧ್ವನಿವರ್ಧಕ, ಕಿರುಚಿತು. ಭೋಂಗಾದ ದನಿ ಗಿಟಾರಿನ ಹೊಟ್ಟೆಗೆ, ಹೊಟ್ಟೆಯದು ಮೈಕಿಗೆ, ಮೈಕಿನದು ಮತ್ತೆ ಭೋಂಗಾಕ್ಕೆ — ಸುತ್ತಿ ಸುತ್ತಿ ಕಿರುಚುತ್ತದೆ ಎಂದು ಆಮೇಲೆ ಅವರೇ ತಿಳಿಸಿದರು. ಮೈಕನ್ನು ದೂರ ಸರಿಸಿದರೆ ಕಾಗೆಯ ಕೂಗು ಮಾತ್ರ. ಹತ್ತಿರ ತಂದರೆ ಮತ್ತೆ ಕಿರುಚು. ಸಭೆಯವರೆಲ್ಲ ಕಿವಿ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಗೋದಕ್ಕ ಒಬ್ಬಳೇ ನಗುತ್ತ ಕೂತಿದ್ದಳು. ಎಲ್ಲರೂ ಕೈ ಎತ್ತಿದ್ದನ್ನು ನೋಡಿ, ಮುಗಿಯಿತೆಂದುಕೊಂಡು, ಚಪ್ಪಾಳೆ ತಟ್ಟಿದಳು.

ನನಗೆ ಅಳು ಬಂತು. ವಿಠ್ಠಲರಾವ ನನ್ನ ಮುಖ ನೋಡಿ, "ತಡಿ ತಂಗಿ," ಎಂದು ತಮ್ಮ ಪೆಟ್ಟಿಗೆಯಿಂದ ಒಂದು ಹಲಗೆ ತೆಗೆದರು. ನಿಜವಾಗಿಯೂ ಹಲಗೆಯೇ — ಪೊಳ್ಳಿಲ್ಲ, ತೂತಿಲ್ಲ, ಗಟ್ಟಿ ಕಟ್ಟಿಗೆಯ ತುಂಡು, ಮೇಲೆ ಅವೇ ತಂತಿಗಳು, ತಂತಿಗಳ ಕೆಳಗೆ ತಾಮ್ರದ ಎಳೆ ಸುತ್ತಿದ ಒಂದು ಅಯಸ್ಕಾಂತ. ಮುಂಬಯಿಯಿಂದ ತರಿಸಿದ್ದಂತೆ. ಅದರ ವೈರನ್ನು ತಮ್ಮ ಆಂಪ್ಲಿಫೈಯರಿಗೆ ಸಿಕ್ಕಿಸಿ ನನ್ನ ತೊಡೆಯ ಮೇಲಿಟ್ಟರು. ನಾನು ಒಂದು ತಂತಿ ಮುಟ್ಟಿದೆ. ತೊಡೆಯ ಮೇಲೆ ಸೊಳ್ಳೆಯಷ್ಟು ಸದ್ದು. ಆದರೆ ಬೇವಿನ ಮರದ ಮೇಲಿಂದ —

ನಾನು ಎಷ್ಟೋ ಸಲ ಇದನ್ನು ಹೇಳಲು ನೋಡಿದ್ದೇನೆ. ಒಂದೇ ಸ್ವರ. ಅದು ಕಟ್ಟಿಗೆಯ ಗಿಟಾರಿನ ಸ್ವರದಂತೆ ಹುಟ್ಟಿ ಸಾಯಲಿಲ್ಲ. ನಿಂತೇ ನಿಂತಿತು. ಉಕ್ಕಿನ ತುಂಡನ್ನು ಕೂದಲೆಳೆಯಷ್ಟು ಅಲುಗಿಸಿದರೆ ಬಯಲಿಗೆ ಬಯಲೇ ಅಲುಗಿತು. ರಸ್ತೆಯಲ್ಲಿ ಟಾಂಗಾ ನಿಂತಿತು. ಕೋಟೆಯ ಕಡೆ ಹೋಗುತ್ತಿದ್ದವರು ತಿರುಗಿ ನಿಂತರು. ಇದೆಲ್ಲ ನನ್ನ ಬೆರಳಿನಿಂದ ಆಗುತ್ತಿದೆ ಎಂಬುದನ್ನು ನಂಬಲು ನನಗೇ ಆಗಲಿಲ್ಲ. ಬೆರಳು ನಡುಗಿತು, ಆ ನಡುಕವೂ ಮರದ ಮೇಲಿಂದ ಕೇಳಿತು. ಭಜನೆಯ ಧಾಟಿ ಮುಗಿದಾಗ ಸಭೆ ಎದ್ದು ನಿಂತಿತ್ತು. ಎಲ್ಲರ ಮುಖ ಮೇಲಕ್ಕೆ, ಭೋಂಗಾದ ಕಡೆ. ಗೋದಕ್ಕ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು.

ವಿಠ್ಠಲರಾವರ ಮಗಳಿಗೆ ಕಲಿಯಲು ಕಟ್ಟಿಗೆಯ ಗಿಟಾರು ಬೇಕಿತ್ತು. "ಅದು ಕೊಡು, ಇದು ಒಯ್ಯಿ. ಹಳೇ ಆಂಪ್ಲಿಫೈಯರೂ ಕೊಡ್ತೇನಿ, ನಮ್ಮ ಕಾರ್ಯಕ್ರಮಕ್ಕ ಬಾರಸು," ಎಂದರು. ಅಪ್ಪ ಒಪ್ಪಿದರು. ಗೋದಕ್ಕನನ್ನು ಯಾರೂ ಕೇಳಲಿಲ್ಲ. ಅವಳು ಹಪ್ಪಳ ಮಾಡಲು ಭಾಲ್ಕಿಗೆ, ಅತ್ತೆಯ ಮನೆಗೆ ಹೋಗಿದ್ದಳು. ಅವಳು ಬರುವವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ. ಅವಳು ಇಲ್ಲದಿರುವುದನ್ನೇ ನೋಡಿ, ನಮ್ಮಿಬ್ಬರ ಗಿಟಾರನ್ನು ನಾನೇ ಹೊತ್ತು ಚೌಬಾರಾ ಗೋಪುರದ ಹತ್ತಿರದ ಅವರ ಅಂಗಡಿಗೆ ಕೊಟ್ಟುಬಂದೆ. ವಿಠ್ಠಲರಾವ ಒಂದು ಎಚ್ಚರಿಕೆ ಹೇಳಿದರು: "ಮಷೀನ್ ಚಾಲೂ ಇದ್ದಾಗ ಒದ್ದಿ ಕೈ ಹಚ್ಚಬ್ಯಾಡ. ಒಮ್ಮೊಮ್ಮೆ ಜುಂ ಅಂತದ. ವೈರ್ ತೆಗದ್ರ ಏನೂ ಇಲ್ಲ, ಕಟ್ಟಿಗಿ ತುಂಡು."

ಗೋದಕ್ಕ ಮರಳಿ ಬಂದ ದಿನ ಮನೆಯಲ್ಲಿ ಓಣಿಯ ಹೆಂಗಸರು ತುಂಬಿದ್ದರು, ಹೊಸ ಗಿಟಾರು ಕೇಳಲು. ನಾನು ಬಾರಿಸುತ್ತಿದ್ದೆ. ಅವಳು ಬಂದವಳೇ ಗಂಟು ಕೆಳಗಿಟ್ಟು, ಎಲ್ಲರ ನಡುವೆ ದಾರಿ ಮಾಡಿಕೊಂಡು, ನನ್ನ ಮೊಣಕಾಲ ಹತ್ತಿರ ಕೂತು, ಬಾಯಿ ತೆರೆದು ಹಲಗೆಯ ಮೇಲೆ ಹಲ್ಲು ಊರಲು ಬಗ್ಗಿದಳು.

"ಯವ್ವಾ, ಕಚ್ಚಲಕತ್ತಾಳ ನೋಡ್ರಿ!" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು.

ನನ್ನ ಕಿವಿ ಬಿಸಿಯಾಯಿತು. ಅವಳ ಭುಜ ಹಿಡಿದು ದೂಡಿದೆ. "ಮುಟ್ಟಬ್ಯಾಡ! ಕರೆಂಟ್ ಹೊಡಿತದ! ಸಾಯ್ತಿ!" ಎಂದೆ, ದೊಡ್ಡದಾಗಿ ಬಾಯಿ ತೆರೆದು, ಅವಳಿಗೆ ತಿಳಿಯುವಂತೆ. ಅವಳು ಹಿಂದಕ್ಕೆ ಬಿದ್ದಳು.

ಇದನ್ನು ಕ್ಷಮಿಸಬಹುದೇನೋ. ಗಿಟಾರಿಗೆ ವೈರು ಹಚ್ಚಿತ್ತು, ಅವಳ ಬಾಯಿ ಒದ್ದೆ, ಭಯಕ್ಕೆ ಸ್ವಲ್ಪ ಕಾರಣವಿತ್ತು. ಆದರೆ ನಾನು ಬರೆಯಬೇಕಾದದ್ದು ಮರುದಿನದ ಮಾತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಗಿಟಾರು ಚಾಪೆಯ ಮೇಲಿತ್ತು. ಅವಳು ಬಂದು ಅದರಿಂದ ಒಂದು ಮೊಳ ದೂರ ನಿಂತಳು. ಬಿಚ್ಚಿಟ್ಟಿದ್ದ ವೈರನ್ನು ಬೆರಳು ಮಾಡಿ ತೋರಿಸಿದಳು.

"ಸುಮೀ, ವೈರ್ ತೆಗದದಲಾ. ಈಗ ಹಲ್ಲು ಹಚ್ಚಲೇನು?"

ಯಾರೂ ನಗುವವರಿರಲಿಲ್ಲ. ಅವಸರವಿರಲಿಲ್ಲ. ನಾನು ಅವಳ ಮುಖ ನೋಡಿದೆ, ವೈರು ನೋಡಿದೆ. ಮತ್ತೆ ಆ ಬೆರಳು ನನ್ನ ಮೊಣಕಾಲ ಮೇಲೆ ತಟ್ಟುತ್ತದೆ, ಇನ್ನೂ ಮುಂದೆ, ಇನ್ನೂ ಮುಂದೆ ಎನ್ನುತ್ತದೆ... ಊರೇ ಎದ್ದು ನಿಂತು ಕೇಳಿದ ನನ್ನನ್ನು ಮತ್ತೆ ತಿದ್ದುತ್ತದೆ...

"ಈಗೂ ಹೊಡಿತದ ಅಕ್ಕಾ," ಎಂದೆ. "ಒಳಗ ಉಳದಿರ್ತದ. ಯಾವಾಗರೇ ಮುಟ್ಟೀ, ಜೀವಾ ಹೋಗ್ತದ."

ಅವಳು ತಲೆಯಾಡಿಸಿದಳು. ನಮ್ಮ ಗಿಟಾರು ಎಲ್ಲಿ ಎಂದು ಕೇಳಲಿಲ್ಲ — ಅವ್ವ ಹೇಳಿರಬೇಕು. ನೀರು ತರಲು ಕೊಡ ಎತ್ತಿಕೊಂಡು ಹೊರಗೆ ಹೋದಳು.

ಅವಳು ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿ, ಚಾಪೆಯ ಮೇಲೆ ಮೊಣಕಾಲೂರಿ, ಆ ಹಲಗೆಯ ಅಂಚಿಗೆ ನನ್ನ ಹಲ್ಲು ಇಟ್ಟು ತಂತಿ ಮೀಟಿದೆ. ಪೊಳ್ಳಿಲ್ಲದ ಕಟ್ಟಿಗೆ, ಇದರಲ್ಲಿ ಏನೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಏನೂ ಬರದಿದ್ದರೆ ನನ್ನ ಸುಳ್ಳು ಸಣ್ಣದಾಗುತ್ತಿತ್ತು. ಆದರೆ ಬಂತು. ಮೊದಲು ಹಲ್ಲಿನ ಬೇರಿಗೆ, ಆಮೇಲೆ ಕೆನ್ನೆಯ ಎಲುಬಿಗೆ, ಆಮೇಲೆ ತಲೆಬುರುಡೆ ತುಂಬ. ಹೊರಗಿನಿಂದ ಕೇಳಿದ್ದಲ್ಲ ಅದು. ನನ್ನೊಳಗೇ ಯಾರೋ ಬಾರಿಸುತ್ತಿದ್ದರು. ಕೋಣೆಯಲ್ಲಿ ಸೊಳ್ಳೆಯಷ್ಟು ಸದ್ದು, ಒಳಗೆ ಅಷ್ಟು ದೊಡ್ಡ, ಅಷ್ಟು ದುಂಡನೆಯ ಸ್ವರ — ಗಾಳಿಯಲ್ಲಿ ಚೂರೂ ಚೆಲ್ಲದೆ, ಕಟ್ಟಿಗೆಯ ಗಿಟಾರಿಗಿಂತ ಎಷ್ಟೋ ಹೊತ್ತು ನಿಂತು, ತಾನಾಗಿ ಕರಗಿತು. ಬೇವಿನ ಮರದ ಮೇಲಿಂದ ಕೇಳಿದ್ದೂ ಇದರ ಮುಂದೆ ಬರೀ ಗದ್ದಲ ಎನಿಸಿತು. ಗೋದಕ್ಕ ಇದರಲ್ಲಿ ಇರುತ್ತಿದ್ದಳು. ದಿನವೂ ಇದರಲ್ಲಿ ಇರುತ್ತಿದ್ದಳು. ನಾನು ಅವಳ ಕಣ್ಣೆದುರು ಬಾಗಿಲು ಹಾಕಿದ್ದು ಎಂಥ ಮನೆಗೆ ಎಂಬುದು ನನಗೆ ಆಗ, ಆ ಚಾಪೆಯ ಮೇಲೆ, ಪೂರ್ತಿ ಗೊತ್ತಾಯಿತು.

ಅವಳು ಕೊಡ ಹೊತ್ತು ಬಂದಳು. ನಾನು ಬಾಯಿ ಒರೆಸಿಕೊಂಡೆ. ಹೇಳಲಿಲ್ಲ.

ಆಮೇಲೆ ನಾನು ಹೆಸರು ಮಾಡಿದೆ. ಭಾಲ್ಕಿ, ಔರಾದ, ಬೀದರ — ಎಲ್ಲಿ ಸಭೆಯೋ ಅಲ್ಲಿ ನನ್ನ ಗಿಟಾರು. ಗೋದಕ್ಕನೂ ಜೊತೆಗೆ ಬರುತ್ತಿದ್ದಳು. ಕೇಳಲು ಅಲ್ಲ. ನಾನು ವೇದಿಕೆ ಹತ್ತುವ ಮೊದಲು ಒಣ ಬಟ್ಟೆಯಿಂದ ನನ್ನ ಎರಡೂ ಕೈ, ಬೆರಳಿನ ಸಂದು ಸಂದು ಒರೆಸುತ್ತಿದ್ದಳು. ಕಾಲ ಕೆಳಗೆ ಒಣ ಗೋಣಿಚೀಲ ಹಾಸುತ್ತಿದ್ದಳು. ನಾನು ಬಾರಿಸುವಷ್ಟು ಹೊತ್ತೂ ಉಸಿರು ಬಿಗಿಹಿಡಿದು ನನ್ನ ಕೈ ನೋಡುತ್ತಿದ್ದಳು, ಮುಗಿದ ಮೇಲೆ ಉಸಿರು ಬಿಡುತ್ತಿದ್ದಳು. ಆ ಸುಳ್ಳು ಅವಳಿಂದ ಸ್ವರವನ್ನು ಕಿತ್ತುಕೊಂಡದ್ದಷ್ಟೇ ಅಲ್ಲ, ನನ್ನ ಜೀವದ ಭಯವನ್ನೂ ಅವಳ ಮೇಲೆ ಹೊರಿಸಿತ್ತು. ಅವಳು ಒರೆಸುತ್ತಿದ್ದಾಗ ಹೇಳಬಹುದಿತ್ತು. ಪ್ರತಿ ಸಲ ಹೇಳಬಹುದಿತ್ತು. ಕೈ ಚಾಚಿ ನಿಂತಿರುತ್ತಿದ್ದೆ.

ಅವಳನ್ನು ಔರಾದ ಕಡೆಯ ಎಕಂಬಾಕ್ಕೆ, ಒಕ್ಕಲುತನದ ಮನೆಗೆ ಕೊಟ್ಟರು. ಒಳ್ಳೆಯ ಮನೆ. ಮಕ್ಕಳು, ಮೊಮ್ಮಕ್ಕಳು ಆದರು. ನನಗೆ ಬೀದರದ ಒಂದು ಸಾಲೆಯಲ್ಲಿ ಸಂಗೀತದ ಕೆಲಸ ಸಿಕ್ಕಿತು. ಆ ಕೆಲಸದಲ್ಲೇ ಮುದುಕಿಯಾದೆ. ಗೋದಕ್ಕ ಮತ್ತೆ ಹಾಡಿದ್ದನ್ನು ಯಾರೂ ಕೇಳಲಿಲ್ಲ.

ಹೋದ ವರ್ಷ ಅವಳ ಮೊಮ್ಮಗಳು ರೂಪಾ, ಬೀದರದಲ್ಲಿ ಕಾಲೇಜು ಓದುವವಳು, ನನ್ನ ಮನೆಗೆ ಬಂದಳು. ಗಿಟಾರು ಕಲಿಯುವ ಆಸೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದರು, ಅವಳು ಆಯಿ ಎನ್ನುವ ಅಜ್ಜಿಯೊಬ್ಬಳನ್ನು ಬಿಟ್ಟು.

"ಸಣ್ಣಾಯಿ, ನೀವರೇ ಹೇಳ್ರಿ ಆಯಿಗೆ," ಎಂದಳು. "ಗಿಟಾರ ಅಂದ್ರ ಸಾಕು ಅಳಲಕತ್ತಾಳ. ಕರೆಂಟ್ ಹೊಡಿತದ, ನನ್ನ ತಂಗಿ ಪುಣ್ಯಾ ಮಾಡಿದ್ಳು ಉಳದ್ಳು, ನೀ ಸಾಯ್ತಿ ಅಂತಾಳ. ಕಟ್ಟಿಗೀದು ತರ್ತೇನಿ ಅಂದ್ರೂ ಕೇಳವಲ್ಲಳು. ಯಾರ ಹೇಳ್ಯಾರರಿ ಆಕಿಗೆ ಹಿಂಗ?"

ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ನಾನು ಆಡಿದ ಮಾತು ಇಷ್ಟು ವರ್ಷ ಬದುಕಿತ್ತು. ಈಗ ಇನ್ನೊಬ್ಬಳ ಕೈ ಹಿಡಿಯಲು ಬಂದಿತ್ತು. ಹೊರಗೆ ಬಂದು, "ನಡಿ, ನಾನೇ ಬರ್ತೇನಿ," ಎಂದೆ.

ಎಕಂಬಾದಲ್ಲಿ ಗೋದಕ್ಕ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅವಳ ಎದುರು, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕೂತೆ. ರೂಪಾ ಪಕ್ಕದಲ್ಲಿದ್ದಳು, ಅವಳನ್ನು ಕಳಿಸಬಾರದೆಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಎಲ್ಲವನ್ನೂ ಹೇಳಿದೆ. ನಿಧಾನವಾಗಿ, ತುಟಿ ತಪ್ಪದಂತೆ. ಅವಳ ಕೈ ಮೊರದ ಮೇಲೆ ನಿಂತಿತು.

"ಆವತ್ತು ವೈರ್ ತೆಗದಿತ್ತು," ಎಂದಳು. "ನಾ ಕೇಳಿದ್ನಿ ನಿನಗ."

"ಹೌದಕ್ಕಾ. ಕೇಳಿದ್ದಿ."

"ಅದರಾಗ ಬರ್ತಿತ್ತೇನು? ಹಲ್ಲಿಗೆ?"

ಇಲ್ಲ ಎನ್ನಲು ಇನ್ನೂ ಒಂದು ಅವಕಾಶವಿತ್ತು. "ಬರ್ತಿತ್ತು," ಎಂದೆ. "ನೀ ನೀರಿಗೆ ಹೋದಾಗ ನಾ ಹಚ್ಚಿ ನೋಡಿದೆ."

"ಹ್ಯಾಂಗಿತ್ತು?"

ನಾನು ಹೇಳತೊಡಗಿದೆ. ಹಲ್ಲಿನ ಬೇರು, ಕೆನ್ನೆಯ ಎಲುಬು, ತಲೆ ತುಂಬ ನಿಂತ ಸ್ವರ... ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ನಡುವೆ ನನ್ನ ತುಟಿ ಅದುರಿ ಮಾತು ಕೆಟ್ಟಿತು. ಅವಳು ಕೈ ಎತ್ತಿ ಸಾಕು ಎಂದು ತಡೆದಳು. ಬೈಯಲಿಲ್ಲ. ಅಳಲಿಲ್ಲ. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು.

"ಕಲಿ," ಎಂದಳು. "ಕಟ್ಟಿಗೀದರೇ ತಗೋ, ಕರೆಂಟಿಂದರೇ ತಗೋ. ಆದ್ರ ಈಕಿ ಹಂತ್ಯಾಕ ಕಲೀಬ್ಯಾಡ."

ಮತ್ತೆ ಮೊರ ಎತ್ತಿಕೊಂಡಳು. ನನಗೆ ಊಟ ಬಡಿಸಲು ಸೊಸೆಗೆ ಹೇಳಿದಳು. ಉಂಡು, ಸಂಜೆಯ ಬಸ್ಸಿಗೆ ಬೀದರಕ್ಕೆ ಮರಳಿದೆ.

ರೂಪಾ ಈಗ ಬೇರೆಯವರಲ್ಲಿ ಕಲಿಯುತ್ತಾಳೆ. ಅವಳ ದಾರಿ ನಮ್ಮ ಓಣಿಯ ಮೇಲೇ. ಕಂಡರೆ ನಮಸ್ಕಾರ ಮಾಡುತ್ತಾಳೆ, ನಿಲ್ಲುವುದಿಲ್ಲ. ಭಾನುವಾರ ಗಿಟಾರು ಹೊತ್ತು ಎಕಂಬಾದ ಬಸ್ಸು ಹತ್ತುತ್ತಾಳೆ ಎಂದು ಕೇಳಿದ್ದೇನೆ. ಅಲ್ಲಿ ಏನಾಗುತ್ತದೆ, ಗೋದಕ್ಕ ಅದರ ಹತ್ತಿರ ಬರುತ್ತಾಳೋ ಇಲ್ಲವೋ — ನಾನು ಕೇಳಿಲ್ಲ. ಕೇಳುವುದಿಲ್ಲ.